'ಬೆಟರ್ ಆಪರ್ಚುನಿಟಿ' ಅಂತ ಬರೆದು ಹೋದವರು ಹೇಳದೇ ಬಿಟ್ಟ ಮಾತು

ಒಂದೆರಡು ಕಂಪನಿ ಬದಲಿಸಿದವರಿಗೆಲ್ಲ ಆಫೀಸಿನ ಕೊನೆಯ ದಿನ ಹೇಗಿರುತ್ತೆ ಅಂತ ಗೊತ್ತು. ಬೆಳಗ್ಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್. ಮಧ್ಯಾಹ್ನ ಟೀಮ್ ಜೊತೆ ಊಟ. ಸಂಜೆ ಕೇಕು, ಫೋಟೊ, ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು. ಇವುಗಳ ಮಧ್ಯೆ ಎಲ್ಲೋ ಹದಿನೈದು ನಿಮಿಷ ಎಚ್‌ಆರ್ ಜೊತೆ 'ಎಕ್ಸಿಟ್ ಇಂಟರ್‌ವ್ಯೂ'.

ಯಾಕೆ ಬಿಡ್ತಿದ್ದೀರಿ? 'ಬೆಟರ್ ಆಪರ್ಚುನಿಟಿ'. ಮ್ಯಾನೇಜರ್ ಹೇಗಿದ್ರು? 'ವೆರಿ ಸಪೋರ್ಟಿವ್'. ಕಂಪನಿ ಏನಾದ್ರೂ ಸುಧಾರಿಸಿಕೊಳ್ಳಬೇಕಾ? 'ಹಾಗೇನಿಲ್ಲ, ಎಲ್ಲ ಚೆನ್ನಾಗಿತ್ತು'. ಮುಗೀತು.

ಅದೇ ವ್ಯಕ್ತಿ ಅರ್ಧ ಗಂಟೆ ಬಿಟ್ಟು ಕೆಳಗಿನ ಟೀ ಅಂಗಡಿಯಲ್ಲಿ ಗೆಳೆಯರಿಗೆ ಹೇಳುವ ಕಥೆಯೇ ಬೇರೆ. ಎರಡು ವರ್ಷದಿಂದ ಮುಂದೂಡಿದ ಪ್ರಮೋಷನ್, ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜು, ತಾನು ಮಾಡಿದ ಕೆಲಸಕ್ಕೆ ಇನ್ಯಾರದೋ ಹೆಸರು. ಕಂಪನಿಗೆ ಬೇಕಾಗಿದ್ದ ಮಾಹಿತಿಯೆಲ್ಲ ಟೀ ಅಂಗಡಿಯಲ್ಲಿ ಖಾಲಿಯಾಯ್ತು. ಫಾರ್ಮಿನಲ್ಲಿ ಉಳಿದದ್ದು 'ಬೆಟರ್ ಆಪರ್ಚುನಿಟಿ' ಮಾತ್ರ.

ಹೀಗಾಗೋದಕ್ಕೆ ಹೋಗುವವರ ಅಂಜುಬುರುಕುತನ ಕಾರಣ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅಲ್ಲ. ನಿಜ ಹೇಳಿದರೆ ಏನಾದರೂ ಕಳೆದುಕೊಳ್ಳಬೇಕಾದೀತು ಅನ್ನುವ ಜಾಗದಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದೇವೆ, ಅಷ್ಟೇ. ಆ ಭಯ ತೆಗೆದರೆ ಮಾತು ತಾನಾಗಿಯೇ ಬರುತ್ತೆ.

ಸಂಖ್ಯೆ ಇದೆ, ಕಾರಣ ಇಲ್ಲ

ಕೋವಿಡ್ ನಂತರ ಐಟಿಯಲ್ಲಿ ರಾಜೀನಾಮೆಗಳ ಸುಗ್ಗಿ ಇದ್ದದ್ದು ನಿಮಗೆ ನೆನಪಿರಬಹುದು. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್ ಪ್ರಮಾಣ ಶೇ 28.4. ಅದರ ಮುಂದಿನ ತ್ರೈಮಾಸಿಕದಲ್ಲಿ ಟಿಸಿಎಸ್‌ನದು ಶೇ 21.5. ಎಷ್ಟು ಜನ ಹೋದರು ಅನ್ನೋದನ್ನು ಹೀಗೆ ದಶಮಾಂಶದವರೆಗೆ ಲೆಕ್ಕ ಹಾಕಬಹುದು. ಯಾಕೆ ಹೋದರು ಅನ್ನೋದು ಯಾವ ಎಕ್ಸೆಲ್ ಶೀಟಿನಲ್ಲೂ ತಾನಾಗಿ ಬರೋದಿಲ್ಲ. ಅದನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಬೇಕು.

ಹೇಳದಿದ್ದರೆ ಏನಾಗುತ್ತೆ? ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ 'ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ' ಅನ್ನೋ ಪುಸ್ತಕ ಬರೆದರು. ಅದರ ಮೂಲದಲ್ಲಿ ಇದ್ದದ್ದು ನೈಜೀರಿಯಾದ ರೈಲು. ಅಲ್ಲಿ ಶೇಂಗಾ ಬಹಳ ದೂರದಿಂದ ಬಂದರಿಗೆ ಹೋಗಬೇಕು. ಅಷ್ಟು ದೂರಕ್ಕೆ ರೈಲೇ ಲಾಭ. ಆದರೂ ಲಾರಿಗಳು ರೈಲನ್ನು ಹಿಂದೆ ಹಾಕಿದ್ದವು. ಪೈಪೋಟಿ ಇದ್ದರೂ ರೈಲ್ವೆ ಯಾಕೆ ಸುಧಾರಿಸಲಿಲ್ಲ? ಹರ್ಷ್‌ಮನ್ ಕಂಡುಕೊಂಡ ಉತ್ತರ ಇದು: ಸೇವೆ ಕೆಟ್ಟಾಗ ಜೋರಾಗಿ ಗಲಾಟೆ ಮಾಡಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋಗಿಬಿಟ್ಟರು. ಅವರ ದುಡ್ಡು ಹೋದರೂ ರೈಲ್ವೆಗೆ ಸರ್ಕಾರದ ಆಸರೆ ಇತ್ತು. ಆದರೆ ತಪ್ಪು ತೋರಿಸುವ ದನಿಯೇ ಇಲ್ಲದಂತಾಯ್ತು.

ನಿಮ್ಮ ಟೀಮನ್ನೇ ನೋಡಿ. ಮೀಟಿಂಗಿನಲ್ಲಿ 'ಇದು ಸರಿ ಇಲ್ಲ' ಅಂತ ಎದ್ದು ಹೇಳುತ್ತಿದ್ದವರು, ಹೊರಗೆ ಸುಲಭವಾಗಿ ಕೆಲಸ ಸಿಗುವವರು, ಬಹಳ ಸಲ ಒಬ್ಬರೇ ಆಗಿರುತ್ತಾರೆ. ಅವರು ಹೋದ ಮೇಲೆ ಆಫೀಸು ಶಾಂತವಾಗುತ್ತೆ. ಆ ಶಾಂತಿಯನ್ನು 'ಈಗ ಎಲ್ಲ ಸರಿಹೋಯ್ತು' ಅಂತ ಮ್ಯಾನೇಜರ್ ತಿಳಿದುಕೊಂಡರೆ ಮುಂದಿನ ರಾಜೀನಾಮೆಗೆ ಆಗಲೇ ಬೀಜ ಬಿದ್ದಿದೆ ಅಂತ ಅರ್ಥ. ಹಾಗಾಗಿ ಹೋಗುವವರ ಜೊತೆಗಿನ ಆ ಒಂದು ಮಾತುಕತೆ ಬರೀ ಶಿಷ್ಟಾಚಾರ ಅಲ್ಲ. ಆ ದನಿ ಕೇಳಿಸಿಕೊಳ್ಳೋದಕ್ಕೆ ಇರುವ ಕೊನೆಯ ಅವಕಾಶ.

ಹೇಳಿದರೆ ನನಗೇನು ನಷ್ಟ?

'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು' ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹೋಗುವವರ ತಲೆಯಲ್ಲಿ ಆ ಹೊತ್ತು ಓಡುತ್ತಿರುವುದು ಬೇರೆಯೇ ಲೆಕ್ಕ. ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಆಗಿಲ್ಲ. ಹೊಸ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ಗೆ ಇದೇ ಎಚ್‌ಆರ್‌ಗೆ ಫೋನ್ ಮಾಡಬಹುದು. ನಾಲ್ಕು ವರ್ಷ ಬಿಟ್ಟು ಇದೇ ಮ್ಯಾನೇಜರ್ ಇನ್ನೊಂದು ಕಂಪನಿಯ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಎದುರು ಕೂತಿರಬಹುದು. ಬೆಂಗಳೂರು ದೊಡ್ಡ ಊರೇ, ಆದರೆ ಒಂದೊಂದು ಕ್ಷೇತ್ರವೂ ಒಂದೊಂದು ಸಣ್ಣ ಹಳ್ಳಿ.

ದುಡ್ಡಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ನೌಕರರು ರಾಜೀನಾಮೆ ಕೊಟ್ಟು ಹೋದಾಗಲೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಫೀಡ್‌ಬ್ಯಾಕ್ ಫಾರ್ಮ್ ತುಂಬಿದರೆ ಮಾತ್ರ ಅನ್ನೋ ಷರತ್ತು ಅಲ್ಲಿಲ್ಲ. ಆದರೂ ಎರಡನ್ನೂ ಒಂದೇ ಟೇಬಲ್ ಮೇಲೆ, ಒಂದೇ ದಿನ, ಒಬ್ಬರೇ ಮಾಡಿದರೆ ಹೋಗುವವರಿಗೆ ಎರಡೂ ಒಂದೇ ಅಂತ ಅನಿಸುತ್ತೆ. ಆದ್ದರಿಂದ ಮೊದಲ ಕೆಲಸ: ಲೆಕ್ಕ ಚುಕ್ತಾ ಬೇರೆ, ಮಾತುಕತೆ ಬೇರೆ.

ಕೊನೆಯ ದಿನ ಬೇಡ. 60 ಅಥವಾ 90 ದಿನದ ನೋಟಿಸ್ ಪೀರಿಯಡ್ ಇರುವ ಕಡೆ ಅದರ ನಡುವೆ ಒಂದು ದಿನ ಕೂತು ಮಾತಾಡಿ. ಆಮೇಲೆ, ಲೆಟರ್ರೂ ದುಡ್ಡೂ ಅವರ ಕೈ ಸೇರಿ ಮೂರು ತಿಂಗಳಾದ ಮೇಲೆ, ಒಪ್ಪಿದರೆ ಇನ್ನೊಂದು ಸಲ ಫೋನ್ ಮಾಡಿ. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತೆ, ಹೋಲಿಸಿ ನೋಡೋಕೆ ಹೊಸ ಆಫೀಸೂ ಸಿಕ್ಕಿರುತ್ತೆ. 'ಅಲ್ಲಿ ಕೋಡ್ ರಿವ್ಯೂಗೆ ವಾರ ಕಾಯ್ತಿದ್ದೆ, ಇಲ್ಲಿ ಅದೇ ದಿನ ಆಗುತ್ತೆ' ಅನ್ನೋ ಥರದ ಮಾತು ಎರಡನೇ ಸಲವೇ ಬರೋದು.

ಕೇಳುವವರು ನೇರ ಮ್ಯಾನೇಜರ್ ಆಗಿರಬಾರದು. ಇನ್ನೊಂದು ಟೀಮಿನ ಹಿರಿಯರಾದರೆ ಒಳ್ಳೆಯದು. ಪೀಣ್ಯದ ಹದಿನೈದು ಜನರ ವರ್ಕ್‌ಶಾಪಿನಲ್ಲೋ, ಸಣ್ಣ ಡಿಸೈನ್ ಸ್ಟುಡಿಯೋದಲ್ಲೋ ಎಚ್‌ಆರ್ ಅಂತ ಯಾರೂ ಇರೋದಿಲ್ಲ, ಮಾಲೀಕರೇ ಕೇಳಬೇಕಾಗುತ್ತೆ. ಅಂಥವರು ಮೂರು ಮಾತನ್ನು ನಾಲಿಗೆಯಲ್ಲೇ ತಡೆದುಕೊಂಡರೆ ಸಾಕು: 'ಹಾಗಲ್ಲ, ಅವತ್ತು ಏನಾಯ್ತು ಅಂದ್ರೆ...', 'ಇದನ್ನ ಬೇರೆ ಯಾರು ಹೇಳಿದ್ರು?', 'ಮೊದಲೇ ಹೇಳಬಹುದಿತ್ತಲ್ಲ?' ಇದರಲ್ಲಿ ಯಾವುದೊಂದು ಬಾಯಿಂದ ಬಂದರೂ ಎದುರಿಗಿರುವವರು 'ಬೆಟರ್ ಆಪರ್ಚುನಿಟಿ'ಗೆ ವಾಪಸ್ ಹೋಗ್ತಾರೆ.

ಏನು ಕೇಳಬೇಕು?

'ಯಾಕೆ ಬಿಡ್ತಿದ್ದೀರಿ' ಅಂದರೆ ಜನ ಹೊಸ ಆಫರಿನ ಬಗ್ಗೆ ಹೇಳುತ್ತಾರೆ. ಅದು ಅವರನ್ನು ಎಳೆದುಕೊಂಡ ಕಾರಣ. ಇಲ್ಲಿಂದ ದೂಡಿದ ಕಾರಣ ಅದಕ್ಕೂ ಹಿಂದೆ ಇರುತ್ತೆ. ಅದನ್ನು ಹುಡುಕೋದಕ್ಕೆ ಈ ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ:

• ನೌಕ್ರಿ ಪ್ರೊಫೈಲೋ ರೆಸ್ಯೂಮೆಯೋ ಮೊದಲ ಸಲ ಅಪ್‌ಡೇಟ್ ಮಾಡಬೇಕು ಅನಿಸಿದ್ದು ಯಾವಾಗ? ಆ ವಾರ ಏನಾಗಿತ್ತು?

• ಈ ವಿಷಯ ಮೊದಲು ಯಾರಿಗಾದರೂ ಹೇಳಿದ್ರಾ? ಹೇಳಿದ ಮೇಲೆ ಏನಾಯ್ತು?

• ದಿನದಲ್ಲಿ ಯಾವ ಕೆಲಸಕ್ಕೆ ಸುಮ್ಮನೆ ಸಮಯ ಹಾಳಾಗ್ತಿತ್ತು?

• ನಿಮ್ಮ ಸೀಟಿಗೆ ಬರುವವರಿಗೆ ಗುಟ್ಟಾಗಿ ಒಂದು ಮಾತು ಹೇಳೋದಾದರೆ ಏನು ಹೇಳ್ತೀರಿ?

• ನಿಮ್ಮ ತಂಗಿಯೋ ತಮ್ಮನೋ ಇಲ್ಲಿ ಸೇರ್ತೀನಿ ಅಂದ್ರೆ ಯಾವ ಟೀಮಿಗೆ ಸೇರು ಅಂತೀರಿ, ಯಾವುದಕ್ಕೆ ಬೇಡ ಅಂತೀರಿ?

ಐದರಲ್ಲಿ ಎರಡನೆಯದು ತುಂಬ ಮುಖ್ಯ. 'ಮೂರು ಸಲ ಹೇಳಿದ್ದೆ, ನೋಡೋಣ ಅಂದ್ರು' ಅನ್ನೋ ಉತ್ತರ ಬಂದರೆ ತೊಂದರೆ ಸಂಬಳದ್ದಲ್ಲ, ಕಿವಿಯದ್ದು.

ಬರೆದುಕೊಳ್ಳುವಾಗ ಅವರ ಮಾತನ್ನೇ ಬರೆಯಿರಿ. 'ಕಮ್ಯುನಿಕೇಷನ್ ಪ್ರಾಬ್ಲಂ' ಅಂತ ಬರೆದರೆ ಅದನ್ನು ಸರಿ ಮಾಡೋದು ಹೇಗೆ? 'ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಬರ್ತಿತ್ತು, ಬೆಳಗ್ಗೆ ಒಂಬತ್ತಕ್ಕೆ ಯಾಕೆ ರಿಪ್ಲೈ ಇಲ್ಲ ಅಂತಿದ್ರು' ಅಂತ ಬರೆದರೆ ಏನು ಮಾಡಬೇಕು ಅನ್ನೋದು ಓದಿದ ತಕ್ಷಣ ಗೊತ್ತಾಗುತ್ತೆ.

ಗುಟ್ಟು ಉಳಿಸೋದು ಹೇಗೆ?

'ನಿಮ್ಮ ಹೆಸರು ಹೊರಗೆ ಬರಲ್ಲ' ಅಂತ ಭರವಸೆ ಕೊಡೋದು ಸುಲಭ. ಆರು ಜನರ ಟೀಮಿನಿಂದ ಒಬ್ಬರೇ ಹೋದಾಗ, ಮಾರನೇ ದಿನವೇ 'ಹೆಸರಿಲ್ಲದ' ಫೀಡ್‌ಬ್ಯಾಕ್ ಮ್ಯಾನೇಜರ್ ಟೇಬಲ್ಲಿಗೆ ಬಂದರೆ ಅದು ಯಾರದ್ದು ಅಂತ ಕೇಳಬೇಕಾ? ಅದಕ್ಕೇ ಆರು ತಿಂಗಳು ಕೂಡಿಟ್ಟು, ನಾಲ್ಕೈದು ಜನರ ಮಾತು ಒಟ್ಟಾದ ಮೇಲೆ ವಿಷಯವಾರು ಕೊಡಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಒಬ್ಬರ ಮಾತು ಅವರ ಬೇಸರ ಇರಬಹುದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಅದನ್ನೇ ಹೇಳಿದರೆ ಅದು ಆಫೀಸಿನ ರೋಗ.

ಕೆಲವು ವಿಷಯ ಮಾತ್ರ ಕಾಯುವಂತಿಲ್ಲ. ಕಿರುಕುಳ, ಹಣದ ಮೋಸ, ಜೀವಕ್ಕೆ ಅಪಾಯ ತರುವ ಯಂತ್ರ — ಇಂಥದ್ದಕ್ಕೆ ಒಬ್ಬರು ಹೇಳಿದರೂ ಸಾಕು. 'ಇಂಥ ವಿಷಯ ಬಂದರೆ ನಾನು ಮುಂದೆ ತಿಳಿಸಲೇಬೇಕಾಗುತ್ತೆ' ಅಂತ ಮಾತಿನ ಆರಂಭದಲ್ಲೇ ಹೇಳಿಬಿಡೋದು ಪ್ರಾಮಾಣಿಕತೆ. ಲೈಂಗಿಕ ಕಿರುಕುಳದ ವಿಷಯವಾದರೆ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕೆಲಸ ಬಿಟ್ಟ ಮಾತ್ರಕ್ಕೆ ಆ ಬಾಗಿಲು ಮುಚ್ಚೋದಿಲ್ಲ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ಬಾಯಿಮಾತಿಗೆ ಹೇಳಿದ್ದೇ ದೂರು ಅಂತ ಮಾತ್ರ ಅಂದುಕೊಳ್ಳಬೇಡಿ. ದಿನ ಎಣಿಕೆ ನಡೀತಾ ಇರುತ್ತೆ.

ಹೊರಡುತ್ತಿರುವವರು ನೀವಾದರೆ

ನೀವು ಕಂಪನಿಗೆ ಫೀಡ್‌ಬ್ಯಾಕ್‌ನ ಸಾಲ ಉಳಿಸಿಕೊಂಡಿಲ್ಲ. ಹೇಳಬೇಕು ಅನಿಸದಿದ್ದರೆ ಸುಮ್ಮನೆ ಬನ್ನಿ, ತಪ್ಪೇನಿಲ್ಲ. ಆದರೆ ನಿಮ್ಮ ಪಕ್ಕದ ಸೀಟಿನ ಗೆಳತಿ ಇನ್ನೂ ಅಲ್ಲೇ ಇದ್ದಾಳೆ. ನಿಮ್ಮ ಖಾಲಿ ಕುರ್ಚಿಗೆ ಮುಂದಿನ ತಿಂಗಳು ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಹೊಸದಾಗಿ ಬಂದ ಹುಡುಗ ಕೂರ್ತಾನೆ. ನೀವು ಹೇಳೋದು ಅವರಿಗೋಸ್ಕರ.

ಎರಡೇ ವಿಷಯ ಆರಿಸಿಕೊಳ್ಳಿ. ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಏನಾಯ್ತು, ಅದರಿಂದ ಕೆಲಸಕ್ಕೆ ಏನು ತೊಂದರೆಯಾಯ್ತು, ಏನು ಮಾಡಬಹುದಿತ್ತು. 'ಅವರು ಸರಿ ಇಲ್ಲ' ಅನ್ನೋದಕ್ಕಿಂತ, 'ಅಪ್ರೈಸಲ್‌ನಲ್ಲಿ ಮೊದಲ ಸಲ ಕೇಳಿದ ದೂರು ಎಂಟು ತಿಂಗಳ ಹಿಂದಿನದ್ದು. ಆಗಲೇ ಹೇಳಿದ್ದರೆ ತಿದ್ದಿಕೊಳ್ತಿದ್ದೆ' ಅನ್ನೋದು ಹೆಚ್ಚು ದೂರ ಹೋಗುತ್ತೆ. ಅದರಲ್ಲಿ ಯಾರನ್ನೂ ಬೈದಿಲ್ಲ, ಏನನ್ನೂ ಮುಚ್ಚಿಟ್ಟೂ ಇಲ್ಲ. ಕ್ಯಾಂಟೀನ್ ಗಾಳಿಸುದ್ದಿ, ಯಾರ ಮನೆ ವಿಷಯ, ಬೇರೆಯವರು ನಂಬಿ ಹೇಳಿದ ಗುಟ್ಟು — ಇವು ಬೇಡ. ಬಾಕಿ ಹಣದ ತಕರಾರನ್ನು ಈ ಮಾತಿನಲ್ಲಿ ಸೇರಿಸಬೇಡಿ, ಇಮೇಲ್‌ನಲ್ಲಿ ಬರೆಯಿರಿ.

ಇರುವವರನ್ನು ಕೇಳಿದ್ರಾ?

ಎಷ್ಟು ಚೆನ್ನಾಗಿ ಮಾಡಿದರೂ ಎಕ್ಸಿಟ್ ಇಂಟರ್‌ವ್ಯೂ ಅನ್ನೋದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋ ಕೆಲಸವೇ. ಅದಕ್ಕೇ ಈಗ ಕೆಲವು ಕಡೆ ಇರುವವರ ಜೊತೆಯೇ ವರ್ಷಕ್ಕೆ ಎರಡು ಸಲ 'ಸ್ಟೇ ಇಂಟರ್‌ವ್ಯೂ' ಮಾಡ್ತಾರೆ. ಇಲ್ಲಿ ಯಾಕೆ ಇದ್ದೀರಿ, ಯಾವ ದಿನ ಬಿಟ್ಟುಬಿಡಬೇಕು ಅನಿಸ್ತು, ನನ್ನಿಂದ ಏನಾಗಬೇಕು. ಟೀಮ್ ಲೀಡ್ ಆಗಿರುವ ಯಾರು ಬೇಕಾದರೂ ಕಂಪನಿಯ ಅಪ್ಪಣೆ ಇಲ್ಲದೆ, ಒಂದು ಕಾಫಿ ಕುಡಿಯೋ ಹೊತ್ತಿನಲ್ಲಿ ಇದನ್ನು ಶುರು ಮಾಡಬಹುದು.

ಇದೆಲ್ಲ ನಡೀತಿದೆಯೋ ಇಲ್ಲವೋ ಅಂತ ತಿಳಿಯೋಕೆ ಒಂದೇ ಪರೀಕ್ಷೆ. ಕಳೆದ ಒಂದು ವರ್ಷದಲ್ಲಿ ಬಿಟ್ಟು ಹೋದವರ ಮಾತಿನಿಂದ ನಿಮ್ಮ ಆಫೀಸಿನಲ್ಲಿ ಬದಲಾದ ಒಂದು ವಿಷಯ ಹೇಳಿ ಅಂತ ಕೇಳಿ. ರಾತ್ರಿ ಎಂಟರ ಮೇಲೆ ಮೆಸೇಜ್ ಕಳಿಸಲ್ಲ ಅನ್ನೋ ಸಣ್ಣ ನಿಯಮ ಆದರೂ ಸರಿ. ಉತ್ತರ ಇದ್ದರೆ ಅದನ್ನು ಇರುವವರಿಗೆ ತಿಳಿಸಿ, ಮುಂದಿನವರು ಬಾಯಿ ಬಿಡ್ತಾರೆ. ಉತ್ತರವೇ ಇಲ್ಲ ಅಂದ್ರೆ ಆ ಫಾರ್ಮು, ಆ ಹದಿನೈದು ನಿಮಿಷ ಎರಡನ್ನೂ ನಿಲ್ಲಿಸಿಬಿಡೋದೇ ವಾಸಿ. ಕೇಳಿ ಏನೂ ಮಾಡದೆ ಇರೋದಕ್ಕಿಂತ ಕೇಳದೇ ಇರೋದು ಕಡಿಮೆ ಅವಮಾನ.