ಹೋದ ಕರೆಂಟು ಬರುವಾಗ ಹುಷಾರ್!

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ಪೇಟೆಯ ರಿಪೇರಿ ಅಂಗಡಿಗಳಿಗೆ ಸುಗ್ಗಿ. ಟಿ.ವಿ., ಬೇಕರಿಯ ಫ್ರಿಜ್ಜು, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಲುಗಟ್ಟಿ ಕೂತಿರುತ್ತವೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕರೆಂಟ್ ಜಾಸ್ತಿ ಬಂತು ಸಾರ್!"

ಈ ಜಾಸ್ತಿಯಲ್ಲಿ ಎರಡು ಜಾತಿ ಇದೆ. ಅದು ತಿಳಿಯದೆ ಸಿಕ್ಕಿದ ಡಬ್ಬಿ ಕೊಂಡರೆ ದುಡ್ಡೂ ಹೋಯಿತು, ಫ್ರಿಜ್ಜೂ ಹೋಯಿತು.

ಒಂದನೆಯದು ಸಿಡಿಲಿನದು. ಸಿಡಿಲು ತಂತಿಗೇ ಬಡಿಯಬೇಕಿಲ್ಲ. ಹತ್ತಿರ ಬಿದ್ದರೂ ಸಾಕು, ತಂತಿಯಲ್ಲಿ ಸಾವಿರಾರು ವೋಲ್ಟು ಏಳುತ್ತೆ. ಬಂದು ಹೋಗಲು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಸ್ಟೆಬಿಲೈಸರ್ 'ಟಕ್' ಅನ್ನುವಷ್ಟರಲ್ಲಿ ಟಿ.ವಿ. ಕಥೆ ಮುಗಿದಿರುತ್ತೆ. ಇದಕ್ಕೆ ಬೇಕಾದ್ದು ಸರ್ಜ್ ಪ್ರೊಟೆಕ್ಟರ್. ಅದು ಜಾಸ್ತಿ ಬಂದದ್ದನ್ನು ಭೂಮಿಗೆ ಇಳಿಸುತ್ತದೆ.

ಎರಡನೆಯದು ನ್ಯೂಟ್ರಲ್ ಕಡಿದಾಗಿನದು. ನಮಗೆ ಬರಬೇಕಾದ್ದು 230 ವೋಲ್ಟು. ಗಾಳಿ-ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ತಂತಿ ತುಂಡಾದರೆ ಒಂದು ಫೇಸಿನವರ ಮನೆಯಲ್ಲಿ ದೀಪ ಮಿಣಿಮಿಣಿ, ಇನ್ನೊಂದು ಫೇಸಿನವರಿಗೆ 400 ವೋಲ್ಟಿನ ತನಕ! ಅದೂ ನಿಮಿಷಗಟ್ಟಲೆ. ಸರ್ಜ್ ಪ್ರೊಟೆಕ್ಟರ್ ಇದನ್ನು ತಾಳದೆ ತಾನೇ ಸುಟ್ಟುಹೋಗುತ್ತೆ. ಎಂ.ಸಿ.ಬಿ.ಯನ್ನು ನಂಬಬೇಡಿ, ಅದು ನೋಡುವುದು ಆಂಪಿಯರನ್ನು, ವೋಲ್ಟನ್ನಲ್ಲ. ವೋಲ್ಟೇಜ್ ಏರಿದೊಡನೆ ಲೈನನ್ನೇ ಕಡಿಯುವ ಓವರ್ ವೋಲ್ಟೇಜ್ ಕಟಾಫನ್ನು ಮೀಟರ್ ಬೋರ್ಡಿನ ಪಕ್ಕ ಹಾಕಿಸಬೇಕು.

ಎರಡೂ ಹಾಕಿಸಿದಿರಿ, ಅರ್ಥಿಂಗ್ ಎಲ್ಲಿ ಸ್ವಾಮಿ? ಮೂರು ಪಿನ್ನಿನ ಸಾಕೆಟ್ಟಿಗೆ ಎರಡೇ ತಂತಿ ಎಳೆದ ಅಂಗಡಿಗಳು ಎಷ್ಟಿಲ್ಲ! ಮೋರಿ ಇಲ್ಲದೆ ಬಚ್ಚಲು ಕಟ್ಟಿದ ಹಾಗಾಯಿತು. ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ತೋರಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಿ.

ಖರ್ಚಿಲ್ಲದ ಉಪಾಯವೂ ಉಂಟು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗು ಕೀಳಿ, ಟಿ.ವಿ. ಕೇಬಲ್ಲನ್ನೂ ಬಿಚ್ಚಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಮುಟ್ಟಬೇಡಿ. ಕರೆಂಟು ಹೋದಾಗ ಸ್ವಿಚ್ಚೆಲ್ಲ ಆರಿಸಿ. ಬಂದ ಮೇಲೆ ಐದು ನಿಮಿಷ ಕಾದು ಮೊದಲು ಫ್ಯಾನ್ ಹಾಕಿ ನೋಡಿ. ವಿಪರೀತ ಜೋರಾಗಿ ತಿರುಗಿದರೆ ಮೇನ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ.

ಸುಟ್ಟ ಮೇಲೆ ಯಾರನ್ನು ಕೇಳೋದು? ಕೆ.ಇ.ಬಿ. ಹೋಗಿ 1999ರಲ್ಲಿ ನಿಗಮ, 2002ರಲ್ಲಿ ಎಸ್ಕಾಂ ಕಂಪನಿಗಳು ಬಂದವು. ಜನರ ಬಾಯಲ್ಲಿ ಮಾತ್ರ ಇನ್ನೂ ಕೆ.ಇ.ಬಿ.ಯೇ! 2003ರ ವಿದ್ಯುತ್ ಕಾಯ್ದೆಯಂತೆ ಪ್ರತಿ ಕಂಪನಿಯೂ ಗ್ರಾಹಕರ ಕುಂದುಕೊರತೆ ವೇದಿಕೆ ಇಡಲೇಬೇಕು. ಒಬ್ಬರೇ ಹೋಗಿ ಬಾಯಲ್ಲಿ ಹೇಳಿದರೆ "ನೋಡೋಣ" ಅಂತಾರೆ. ನ್ಯೂಟ್ರಲ್ ಕಡಿದರೆ ಸುಡುವುದು ಒಂದೇ ಅಂಗಡಿಯಲ್ಲ, ಬೀದಿಯೇ. ಹಾಗಾಗಿ ಬೀದಿಯವರೆಲ್ಲ ಸೇರಿ, ದಿನ-ಹೊತ್ತು ಬರೆದು, ಸಹಿ ಹಾಕಿ ಅರ್ಜಿ ಕೊಡಿ. ನಕಲಿಗೆ ಸೀಲು ಹಾಕಿಸಿಕೊಳ್ಳಿ. ಹತ್ತು ಸಹಿಯ ಕಾಗದಕ್ಕೆ ಇರುವ ತೂಕವೇ ಬೇರೆ!