ನೊಣದ ಭಾರವನ್ನೂ ಅರಿಯುವ ರಬ್ಬರು

ನೀಲಿನೊಣವೊಂದರ ತೂಕ ಸುಮಾರು 20 ಮಿಲಿಗ್ರಾಂ. 2010ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಅಷ್ಟು ಹಗುರ ಭಾರವನ್ನು ತೆಳು ರಬ್ಬರಿನ ಸೆನ್ಸರ್ ಗುರುತಿಸಿತು. ಅದನ್ನು ರೂಪಿಸಿದ್ದು ರಸಾಯನ ಎಂಜಿನಿಯರಿಂಗ್ ವಿಜ್ಞಾನಿ ಝೆನಾನ್ ಬಾವೊ ಅವರ ತಂಡ. ಮೆದು ರೋಬೊಗಳಿಗೆ ಸ್ಪರ್ಶಜ್ಞಾನ ಕೊಡುವ ಪ್ರಯತ್ನದಲ್ಲಿ ಅದೊಂದು ಮೈಲಿಗಲ್ಲು.

ಮೆದು ರೋಬೊಗಳಿಗೆ ಇಂಥ ಸೆನ್ಸರ್ ಏಕೆ ಬೇಕು? ಲೋಹದ ರೋಬೊ ತನ್ನ ಕೀಲುಗಳ ಕೋನ ಅಳೆದು ಕೈ ಎಲ್ಲಿದೆಯೆಂದು ತಿಳಿಯುತ್ತದೆ. ರಬ್ಬರಿನ ಮೈಗೆ ಕೀಲುಗಳೇ ಇಲ್ಲ. ಅದು ಎಲ್ಲಿ ಬೇಕಾದರೂ ಬಾಗುತ್ತದೆ. 2011ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ತಯಾರಿಸಿದ ರಬ್ಬರ್ ರೋಬೊ ಗಾಳಿಯ ಒತ್ತಡದಿಂದ ತೆವಳಿ ತಗ್ಗಾದ ಅಡ್ಡಿಯ ಕೆಳಗೆ ನುಸುಳಿತು. ಆದರೆ ಅದರಲ್ಲಿ ಒಂದೂ ಸೆನ್ಸರ್ ಇರಲಿಲ್ಲ. ಏನು ತಾಗಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಗಡಸು ಸೆನ್ಸರ್ ಅಂಟಿಸಿದರೆ ಆ ಜಾಗ ಬಾಗುವುದಿಲ್ಲ. ಹಾಗಾಗಿ ಸೆನ್ಸರ್ ಕೂಡ ಮೈಯಷ್ಟೇ ಮೆದುವಾಗಿರಬೇಕು.

ಬಾವೊ ತಂಡದ ಸೆನ್ಸರ್ ಮೂಲತಃ ಒಂದು ಕೆಪಾಸಿಟರ್: ಎರಡು ವಿದ್ಯುದ್ವಾರಗಳು, ನಡುವೆ ರಬ್ಬರು. ಒತ್ತಿದಾಗ ಅಂತರ ಕುಗ್ಗಿ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ ಹೆಚ್ಚುತ್ತದೆ. ಆ ಹೆಚ್ಚಳವೇ ಒತ್ತಡದ ಅಳತೆ. ಸಪಾಟು ರಬ್ಬರಿನ ಪದರದಲ್ಲಿ ಇದು ಕೈಕೊಡುತ್ತದೆ. ಒತ್ತಿದ ರಬ್ಬರಿಗೆ ಸರಿಯಲು ಜಾಗವಿಲ್ಲ, ಬಿಟ್ಟರೂ ಅದು ಬೇಗ ಮೊದಲಿನಂತಾಗದು. ಅದಕ್ಕೆ ಬಾವೊ ತಂಡ ಪಿರಮಿಡ್ಡಿನ ಮೊರೆಹೋಯಿತು. ಪಡ್ಡಿನ ಹಂಚಿನಂತೆ ಗುಳಿಗಳಿರುವ ಸಿಲಿಕಾನ್ ಅಚ್ಚಿಗೆ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನ ದ್ರವ ಹೊಯ್ದು ಗಟ್ಟಿಯಾಗಿಸಿದರೆ, ಕೆಲವೇ ಮೈಕ್ರೋಮೀಟರ್ ಅಳತೆಯ ಪಿರಮಿಡ್ಡುಗಳ ಸಾಲು ಮೂಡುತ್ತದೆ. ಅವುಗಳ ನಡುವೆ ಗಾಳಿ. ಚೂಪು ತುದಿಗಳು ಅತಿ ಸಣ್ಣ ಭಾರಕ್ಕೂ ಅದುಮಿಕೊಂಡು, ಭಾರ ಸರಿದೊಡನೆ ಮತ್ತೆ ಎದ್ದು ನಿಲ್ಲುತ್ತವೆ. ಖಾಲಿ ಬಿಟ್ಟ ಆ ಜಾಗವೇ ರಬ್ಬರಿಗೆ ಸೂಕ್ಷ್ಮತೆ ತಂದುಕೊಟ್ಟಿತು.

ಒತ್ತಡ ಎಷ್ಟೆಂದು ತಿಳಿದರೆ ಸಾಲದು, ಯಾವ ದಿಕ್ಕಿನದೆಂದೂ ತಿಳಿಯಬೇಕು. ಕೈಯಲ್ಲಿರುವ ವಸ್ತು ಜಾರುತ್ತಿದೆಯೆಂಬ ಸುಳಿವು ಸಿಗುವುದು ಪಕ್ಕಕ್ಕೆಳೆಯುವ ಬಲದಿಂದ. 2018ರಲ್ಲಿ ಇದೇ ತಂಡ ನಮ್ಮ ಚರ್ಮದ ಪದರಗಳನ್ನು ಅನುಸರಿಸಿ, ಸಣ್ಣ ದಿಬ್ಬಗಳ ಮೇಲೆ ಪಿರಮಿಡ್ಡುಗಳಿರುವ ಪದರ ಜೋಡಿಸಿ, ದಿಕ್ಕನ್ನೂ ಅರಿಯುವ ಚರ್ಮ ಸಿದ್ಧಪಡಿಸಿತು. ಅದನ್ನು ತೊಟ್ಟ ರೋಬೊ ಬೆರಳು ರಾಸ್ಪ್‌ಬೆರಿ ಹಣ್ಣನ್ನು ಜಜ್ಜದೆ ಮುಟ್ಟಿತು.

ಇನ್ನೂ ಬಗೆಹರಿಯದ ತೊಡಕುಗಳಿವೆ. ಮೈ ಹಿಗ್ಗಿದಾಗಲೂ ಒತ್ತಡವೆಂದು ಸೆನ್ಸರ್ ತಪ್ಪಾಗಿ ಸೂಚಿಸಬಹುದು. ಸೆನ್ಸರ್‌ಗಳು ಹೆಚ್ಚಿದಷ್ಟೂ ತಂತಿಗಳ ಗೋಜಲು ಹೆಚ್ಚುತ್ತದೆ. ಪದೇ ಪದೇ ಮಡಚಿದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಆದರೂ ಈ ದುಡಿಮೆ ಬೆಲೆಯುಳ್ಳದ್ದು. ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಯಂತ್ರಕ್ಕಾಗಲಿ, ಕೈ ಕಳೆದುಕೊಂಡವರು ತೊಡುವ ಕೃತಕ ಕೈಗಾಗಲಿ, ಬಲಕ್ಕಿಂತ ಮೊದಲು ಬೇಕಾದದ್ದು ಎಷ್ಟು ಒತ್ತಬೇಕೆಂಬ ಅರಿವು. ಅದಿಲ್ಲದ ಯಂತ್ರದ ಕೈಗೆ ಮನುಷ್ಯರನ್ನು ಒಪ್ಪಿಸಲಾಗದು.