ಪುನರ್ಜನ್ಮವಲ್ಲ, ಪುನರುತ್ಥಾನ

ಭಾದ್ರಪದದ ಕೃಷ್ಣಪಕ್ಷ ಬಂತೆಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಹಿರಿಯರಿಗೆ ಎಡೆ ಇಡುವ ಕಾಲ. ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾಗಿದ್ದ ಅಡುಗೆ ಬಡಿಸಿ ಮನೆಮಂದಿಯೆಲ್ಲ ಕೈಮುಗಿಯುತ್ತಾರೆ. ಇದಾದ ಕೆಲವು ವಾರಗಳಿಗೆ, ನವೆಂಬರ್ 2ರಂದು, ಅದೇ ಸೀಮೆಯ ಕ್ಯಾಥೊಲಿಕ್ ಕುಟುಂಬಗಳು ತಮ್ಮವರ ಸಮಾಧಿಗಳ ಸುತ್ತ ಬೆಳೆದ ಕಳೆ ಕಿತ್ತು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತವೆ. ಅದು ಸಕಲ ಮೃತರ ಸ್ಮರಣೆಯ ದಿನ. ದೂರದಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಆಚರಣೆಗಳಾಗಿ ಕಂಡರೆ ಆಶ್ಚರ್ಯವಿಲ್ಲ. ಅಗಲಿದವರ ಮೇಲಿನ ಪ್ರೀತಿ ಎರಡಕ್ಕೂ ಮೂಲ. ಆದರೆ ಸತ್ತವರು ಮುಂದೇನಾಗುತ್ತಾರೆ ಎಂಬ ಪ್ರಶ್ನೆಗೆ ಕ್ರೈಸ್ತಧರ್ಮ ಕೊಡುವ ಉತ್ತರ ತೀರ ಬೇರೆಯದು. ಆ ಉತ್ತರದ ಹೆಸರು ‘ಪುನರುತ್ಥಾನ’.

ಕನ್ನಡದಲ್ಲಿ ಈ ಪದವನ್ನು ‘ಪುನರ್ಜನ್ಮ’ದೊಂದಿಗೆ ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಪದವನ್ನು ಬಿಡಿಸಿ ನೋಡಿದರೆ ಗೊಂದಲ ಅರ್ಧ ಕರಗುತ್ತದೆ. ‘ಉತ್ಥಾನ’ವೆಂದರೆ ಏಳುವುದು. ಕಾರ್ತಿಕ ಶುದ್ಧ ದ್ವಾದಶಿಯನ್ನು ಉತ್ಥಾನ ದ್ವಾದಶಿ ಎಂದು ಕರೆಯುವುದು ನಾಲ್ಕು ತಿಂಗಳ ಯೋಗನಿದ್ರೆಯಿಂದ ವಿಷ್ಣು ಎದ್ದ ಕಾರಣಕ್ಕೇ. ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಇದಕ್ಕೆ ಬಳಕೆಯಾಗಿರುವ ಪದ ‘ಅನಾಸ್ತಾಸಿಸ್’. ಎದ್ದು ನಿಲ್ಲುವುದು ಎಂದೇ ಅದರ ಅರ್ಥ. ಪುನರ್ಜನ್ಮದಲ್ಲಿ ಜೀವ ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಸೇರುತ್ತದೆ. ಹಳೆಯ ಹೆಸರು, ಹಳೆಯ ನಂಟು, ಹಳೆಯ ಮುಖ ಹಿಂದೆ ಉಳಿಯುತ್ತವೆ. ಪುನರುತ್ಥಾನದಲ್ಲಿ ಸತ್ತ ವ್ಯಕ್ತಿಯೇ ಏಳುತ್ತಾನೆ. ಬಾಳುವುದು ಒಂದೇ ಬಾಳು, ಸಾಯುವುದು ಒಂದೇ ಸಾವು, ಏಳುವುದು ಒಂದೇ ಸಲ ಎಂಬುದು ಈ ನಂಬಿಕೆಯ ಚೌಕಟ್ಟು.

ಇನ್ನೊಂದು ತಪ್ಪು ಗ್ರಹಿಕೆಯೂ ಇದೆ. ಕ್ರೈಸ್ತರ ಪ್ರಕಾರ ಒಳ್ಳೆಯವರ ಆತ್ಮ ಸ್ವರ್ಗಕ್ಕೆ ಹೋಗುತ್ತದೆ, ಅಲ್ಲಿಗೆ ಕತೆ ಮುಗಿಯಿತು ಎಂದು ಅನೇಕರು, ಕ್ರೈಸ್ತರಲ್ಲೇ ಕೆಲವರು, ತಿಳಿದಿದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳೆಯ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ (1905) ಸೇರಿವೆ. ಆ ಕಾಲದ ಬದುಕಿನ ಸಾಕ್ಷಿಯಾದ ವೀರಗಲ್ಲುಗಳು ಕನ್ನಡ ನಾಡಿನ ಊರೂರಲ್ಲೂ ನಿಂತಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಇರುತ್ತದೆ. ಸತ್ತವನು ಭೂಮಿಯನ್ನು ಬಿಟ್ಟು ಮೇಲಕ್ಕೆ ಹೋದ ಎಂಬುದು ಆ ಶಿಲ್ಪದ ಮಾತು. ಸತ್ತವರ ಆತ್ಮ ದೇವರ ಬಳಿ ಇರುತ್ತದೆ ಎಂಬುದನ್ನು ಕ್ರೈಸ್ತಧರ್ಮವೂ ಒಪ್ಪುತ್ತದೆ. ಆದರೆ ಅದು ಕೊನೆಯಲ್ಲ, ನಡುವಿನ ನಿಲುಗಡೆ. ಕಡೆಯ ದಿನದಲ್ಲಿ ಸತ್ತವರು ದೇಹಸಹಿತರಾಗಿ ಏಳುತ್ತಾರೆ, ಲೋಕವೇ ಹೊಸದಾಗುತ್ತದೆ ಎಂಬುದು ಅದರ ಪೂರ್ಣ ನಿರೀಕ್ಷೆ. ಈ ಶಾಸನಗಳನ್ನು ಸಂಗ್ರಹಿಸಿದ ರೈಸ್ ಅವರ ತಂದೆ ಬೆಂಜಮಿನ್ ರೈಸ್, ಲಂಡನ್ ಮಿಷನ್ನಿನ ಪಾದ್ರಿಯಾಗಿ 1830ರ ದಶಕದಿಂದ ಬೆಂಗಳೂರಿನಲ್ಲಿ ಕನ್ನಡದಲ್ಲೇ ಬೋಧಿಸಿದ್ದು ಈ ನಿರೀಕ್ಷೆಯನ್ನು. ಅವರ ಹೆಸರಿನ ಚರ್ಚು ಅವೆನ್ಯೂ ರಸ್ತೆಯಲ್ಲಿದೆ. ಅದಕ್ಕೂ ಮುಂಚೆ, 1831ರಲ್ಲಿ, ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬಳ್ಳಾರಿಯಲ್ಲಿ ಕನ್ನಡದ ಪೂರ್ಣ ಬೈಬಲ್ ಅಚ್ಚಾಗಿತ್ತು.

ದೇಹ ಏಳುತ್ತದೆ ಎಂಬ ನಂಬಿಕೆ ಯೇಸುವಿನಿಂದಲೇ ಆರಂಭವಾದದ್ದಲ್ಲ. ಅವನ ಕಾಲದ ಯೆಹೂದಿಗಳಲ್ಲಿ ಫರಿಸಾಯರು ಅದನ್ನು ನಂಬುತ್ತಿದ್ದರು, ಸದ್ದುಕಾಯರು ಅಲ್ಲಗಳೆಯುತ್ತಿದ್ದರು. ಅನ್ಯಾಯವಾಗಿ ಕೊಲೆಯಾದ ನಿರಪರಾಧಿಗೆ ದೇವರು ನ್ಯಾಯ ಕೊಡಲೇಬೇಕು, ಸಾವು ಅದಕ್ಕೆ ಅಡ್ಡಿಯಾಗಬಾರದು ಎಂಬ ಹಂಬಲದಿಂದ ಬೆಳೆದ ನಂಬಿಕೆಯದು. ರೋಮನ್ ಅಧಿಪತಿ ಪೊಂತಿಯ ಪಿಲಾತನ ಆಳ್ವಿಕೆಯಲ್ಲಿ, ಕ್ರಿ.ಶ. 30ರ ಆಸುಪಾಸಿನಲ್ಲಿ, ಯೇಸುವನ್ನು ಜೆರೂಸಲೇಮಿನಲ್ಲಿ ಶಿಲುಬೆಗೇರಿಸಲಾಯಿತು. ಗುಲಾಮರಿಗೆ, ಬಂಡಾಯಗಾರರಿಗೆ ಮೀಸಲಾದ ಅವಮಾನದ ಸಾವು ಅದು. ಮೂರನೆಯ ದಿನ ಸಮಾಧಿ ಬರಿದಾಗಿತ್ತು, ಯೇಸು ಶಿಷ್ಯರಿಗೆ ಕಾಣಿಸಿಕೊಂಡ ಎಂದು ಸುವಾರ್ತೆಗಳು ಹೇಳುತ್ತವೆ.

ಈ ವೃತ್ತಾಂತಗಳಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಸಮಾಜದಲ್ಲಿ ಕತೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಮಗ್ದಲದ ಮರಿಯಳು ಎದುರಿಗೆ ನಿಂತ ಯೇಸುವನ್ನು ತೋಟಗಾರನೆಂದು ಭಾವಿಸುತ್ತಾಳೆ. ಅವನು ಹೆಸರು ಹಿಡಿದು ಕರೆದಾಗಲೇ ಅವಳಿಗೆ ಗುರುತು ಹತ್ತುವುದು. ಅವನು ಸುಟ್ಟ ಮೀನು ತಿನ್ನುತ್ತಾನೆ. ಸಂಶಯಪಟ್ಟ ತೋಮನಿಗೆ ತನ್ನ ಗಾಯಗಳನ್ನು ತೋರಿಸುತ್ತಾನೆ. ಅಂದರೆ ಇದು ಭೂತದರ್ಶನವಲ್ಲ. ಹಾಗೆಂದು ಹಳೆಯ ಬದುಕಿಗೆ ಮರಳಿದ್ದೂ ಅಲ್ಲ. ಯೇಸು ಬದುಕಿಸಿದನೆಂದು ಹೇಳಲಾದ ಲಾಜರ ಮತ್ತೊಮ್ಮೆ ಸಾಯಬೇಕಿತ್ತು. ಪುನರುತ್ಥಾನ ಹೊಂದಿದವನಿಗೆ ಸಾವಿಲ್ಲ. ಇತಿಹಾಸಕಾರರು ಶಿಷ್ಯರ ನಂಬಿಕೆ ಎಷ್ಟು ಬೇಗ ಹುಟ್ಟಿತು, ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ತೋರಿಸಬಲ್ಲರು. ಸುವಾರ್ತೆಗಳಿಗಿಂತ ಮುಂಚೆ, ಕ್ರಿ.ಶ. 50ರ ದಶಕದಲ್ಲಿ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲೇ ಸಾಕ್ಷಿಗಳ ಪಟ್ಟಿ ಇದೆ. ಅದರಾಚೆಗಿನದು ಶ್ರದ್ಧೆಯ ವಿಷಯ.

ಕೊಳೆತು ಮಣ್ಣಾದ ದೇಹ ಏಳುವುದು ಹೇಗೆ ಎಂಬ ಪ್ರಶ್ನೆ ಇಂದಿನದಲ್ಲ. ಕೊರಿಂಥದವರೂ ಅದನ್ನೇ ಕೇಳಿದ್ದರು. ಪೌಲ ಬೀಜದ ಹೋಲಿಕೆಯಿಂದ ಉತ್ತರಿಸಿದ. ರಾಗಿ ಬೆಳೆಯುವ ಈ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮಣ್ಣಿಗೆ ಬಿದ್ದ ಸಾಸಿವೆಯಷ್ಟು ಗಾತ್ರದ ಕಾಳು ಮಣ್ಣಿನಲ್ಲೇ ಇಲ್ಲವಾಗುತ್ತದೆ. ಮೇಲೆದ್ದು ಬರುವುದು ತೆನೆ ಹೊತ್ತ ಪೈರು. ಕಾಳಿಗೂ ಪೈರಿಗೂ ರೂಪದಲ್ಲಿ ಹೋಲಿಕೆಯಿಲ್ಲ, ಆದರೂ ರಾಗಿ ಬಿತ್ತಿದಲ್ಲಿ ರಾಗಿಯೇ ಬರುತ್ತದೆ. ವ್ಯಕ್ತಿ ಅವನೇ, ದೇಹದ ಬಗೆ ಬೇರೆ ಎಂಬುದು ಪೌಲನ ತಾತ್ಪರ್ಯ.

ಇಲ್ಲಿಂದ ‘ರಕ್ಷಣೆ’ಯ ಮಾತಿಗೆ ಬರಬಹುದು. ಯೇಸು ಎಂಬ ಹೆಸರಿಗೇ ‘ದೇವರು ರಕ್ಷಿಸುತ್ತಾನೆ’ ಎಂಬ ಅರ್ಥವಿದೆ. ಭಾರತೀಯ ದರ್ಶನಗಳ ಮೋಕ್ಷ ಅಥವಾ ಮುಕ್ತಿಯೆಂದರೆ ಬಂಧನದಿಂದ, ಹುಟ್ಟುಸಾವುಗಳ ಚಕ್ರದಿಂದ ಬಿಡುಗಡೆ. ಕ್ರೈಸ್ತರ ರಕ್ಷಣೆಯಾದರೋ ಪಾಪದಿಂದ, ಮರಣದಿಂದ ಬಿಡುಗಡೆ. ದೇಹದಿಂದ, ಲೋಕದಿಂದ ಅಲ್ಲ. ಇವೆರಡನ್ನು ದೇವರು ಸೃಷ್ಟಿಸಿ ಒಳ್ಳೆಯದೆಂದು ಕಂಡ ಎನ್ನುತ್ತದೆ ಬೈಬಲ್. ಕೆಟ್ಟುಹೋದುದನ್ನು ಬಿಸಾಡದೆ ಸರಿಪಡಿಸುವುದೇ ರಕ್ಷಣೆ. ಇದಕ್ಕೆ ಬಳಸುವ ಇನ್ನೊಂದು ಪದ ‘ವಿಮೋಚನೆ’. ಹಣ ತೆತ್ತು ಗುಲಾಮನನ್ನು ಬಿಡಿಸುವ ಹಳೆಯ ಪದ್ಧತಿಯಿಂದ ಬಂದ ಭಾವನೆಯಿದು. ಇದರ ಹಿಂದೆ ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲರು ಪಾರಾದ ನೆನಪಿದೆ. ಆ ನೆನಪಿನ ಪಾಸ್ಕ ಹಬ್ಬದ ಸಮಯದಲ್ಲೇ ಯೇಸು ಸತ್ತದ್ದು. ಆದ್ದರಿಂದಲೇ ಈಸ್ಟರಿನ ದಿನ ಚಂದ್ರನ ಲೆಕ್ಕಕ್ಕೆ ಬದ್ಧ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಹಬ್ಬ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರಬಹುದು. 2007ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಯಾತನೆ, ಮರಣಗಳನ್ನು ಆಡಿತೋರಿಸುವ ನಾಟಕ ಸಂಪ್ರದಾಯವಿದೆ. ಅದರ ಹೆಸರು ‘ಮಹಿಮೆ’. ಶಿಲುಬೆಯ ಸಂಕಟಕ್ಕೆ ಮಹಿಮೆ ಎಂದು ಹೆಸರಿಡಲು ಸಾಧ್ಯವಾಗುವುದು ಮೂರನೆಯ ದಿನದ ನಂಬಿಕೆಯಿಂದಲೇ.

ಒಬ್ಬನ ಸಾವು ಎಲ್ಲರನ್ನೂ ರಕ್ಷಿಸುವುದು ಹೇಗೆ? ಇದಕ್ಕೆ ಚರ್ಚುಗಳು ಒಂದೇ ವಿವರಣೆಯನ್ನು ಕೊಟ್ಟಿಲ್ಲ. ಪೂರ್ವದ ಆರ್ಥೊಡಾಕ್ಸ್ ಚಿತ್ರಗಳಲ್ಲಿ ಕ್ರಿಸ್ತ ಪಾತಾಳದ ಬಾಗಿಲು ಮುರಿದು ಆದಾಮ, ಹವ್ವರನ್ನು ಕೈಹಿಡಿದು ಎಬ್ಬಿಸುತ್ತಾನೆ. ಅಲ್ಲಿ ರಕ್ಷಣೆಯೆಂದರೆ ಮರಣದ ಮೇಲಿನ ಜಯ. ಪಶ್ಚಿಮದಲ್ಲಿ 11ನೇ ಶತಮಾನದ ಕೊನೆಗೆ ಅನ್ಸೆಲ್ಮ್, ಮಾನವ ತೀರಿಸಲಾಗದ ಋಣವನ್ನು ಕ್ರಿಸ್ತ ತೀರಿಸಿದ ಎಂದು ವಿವರಿಸಿದ. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆ ಬೇರೆ: ರಕ್ಷಣೆ ಮನುಷ್ಯನ ಸತ್ಕಾರ್ಯದಿಂದಲೋ ದೇವರ ಕೃಪೆಯಿಂದಲೋ? ಶ್ರೀವೈಷ್ಣವರ ಮರ್ಕಟ ಕಿಶೋರ, ಮಾರ್ಜಾಲ ಕಿಶೋರ ನ್ಯಾಯಗಳನ್ನು ಬಲ್ಲವರಿಗೆ ಈ ಚರ್ಚೆ ಹೊಸದಲ್ಲ. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಲೂಥರ್ ಬೆಕ್ಕಿನ ಮರಿಯ ಪಕ್ಷ. ಯೂರೋಪನ್ನೇ ಸೀಳಿದ ಈ ವಿವಾದದ ಬಗ್ಗೆ ಕ್ಯಾಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ರಕ್ಷಣೆ ದೇವರ ಕೃಪೆಯಿಂದಲೇ, ಸತ್ಕಾರ್ಯ ಅದರ ಫಲ ಎಂಬುದು ಅದರ ಸಾರಾಂಶ.

ಹಾಗಾದರೆ ಕ್ರೈಸ್ತರಲ್ಲದವರ ಗತಿಯೇನು? ನೆರೆಹೊರೆಯಲ್ಲಿ ನಾನಾ ಮತದವರು ಬಾಳುವ ನಾಡಿನಲ್ಲಿ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಕ್ರಿಸ್ತನನ್ನು ನಂಬಿದವರಿಗೆ ಮಾತ್ರ ರಕ್ಷಣೆ ಎನ್ನುವ ಪಂಗಡಗಳು ಇಂದಿಗೂ ಇವೆ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ, ಅಂತಃಸಾಕ್ಷಿಗೆ ತಕ್ಕಂತೆ ನಡೆದರೆ ಅವರೂ ರಕ್ಷಣೆ ಹೊಂದಬಲ್ಲರು ಎಂದು ಸ್ಪಷ್ಟಪಡಿಸಿತು.

ದೇಹ ಏಳುತ್ತದೆಂಬ ನಂಬಿಕೆ ಆಚಾರದ ಮೇಲೂ ಪರಿಣಾಮ ಬೀರಿದೆ. ಹೂಳುವುದೇ ಕ್ರೈಸ್ತರ ರೂಢಿಯಾದದ್ದು ಹೀಗೆ. ಕ್ಯಾಥೊಲಿಕ್ ಚರ್ಚು 1963ರಲ್ಲಿ ದಹನಕ್ಕೂ ಒಪ್ಪಿಗೆ ಕೊಟ್ಟಿತು. ಬೂದಿಯನ್ನು ಗಾಳಿಗೋ ನೀರಿಗೋ ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಸೂಚಿಸಿತು. ಸುಟ್ಟ ದೇಹವನ್ನು ಎಬ್ಬಿಸುವುದು ದೇವರಿಗೆ ಕಷ್ಟವಲ್ಲ, ಆದರೆ ದೇಹದ ಗೌರವ ಉಳಿಯಬೇಕು ಎಂಬುದು ಇದರ ಹಿಂದಿನ ವಿಚಾರ. ಬದುಕಿರುವವರ ದೇಹಕ್ಕೂ ಇದೇ ಗೌರವ ಸಲ್ಲಬೇಕು. 3ನೇ ಶತಮಾನದ ಮಧ್ಯದಲ್ಲಿ ಮಹಾಮಾರಿ ಹರಡಿದಾಗ ಕ್ರೈಸ್ತರು ಜೀವದ ಹಂಗು ತೊರೆದು ರೋಗಿಗಳ ಶುಶ್ರೂಷೆ ಮಾಡಿದ್ದನ್ನು ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್ ತನ್ನ ಪತ್ರದಲ್ಲಿ ಬರೆದಿದ್ದಾನೆ.

ನಂಬಿಕೆಗೂ ನಡೆಗೂ ಅಂತರ ಕಾಣುವುದು ಸಹ ಸ್ಮಶಾನದಲ್ಲೇ. ತಮಿಳುನಾಡಿನ ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರ್ಪಡಿಸಿ ಕಟ್ಟಿದ ಗೋಡೆ ದೀರ್ಘಕಾಲದ ವಿವಾದಕ್ಕೆ ಕಾರಣವಾಯಿತು. ಕ್ರಿಸ್ತನಲ್ಲಿ ದಾಸನೆಂದೂ ಒಡೆಯನೆಂದೂ ಭೇದವಿಲ್ಲವೆಂದು ಬೋಧಿಸಿದವನು, ಬೀಜದ ಹೋಲಿಕೆ ಕೊಟ್ಟ ಅದೇ ಪೌಲ. ದಲಿತ ಕ್ರೈಸ್ತ ಚಿಂತಕರು ಪುನರುತ್ಥಾನವನ್ನು ಮುಂದೆಂದೋ ನಡೆಯುವ ಪವಾಡವೆಂದಷ್ಟೇ ನೋಡದೆ, ಬಿದ್ದವರು ಇಂದೇ ಎದ್ದು ನಿಲ್ಲುವ ಹಕ್ಕೆಂದು ಕಾಣುವುದಕ್ಕೆ ಇದೇ ಕಾರಣ. ಕಡೆಯ ದಿನ ಎಲ್ಲರೂ ಒಟ್ಟಿಗೆ ಏಳುವರೆಂದು ಪ್ರತಿ ಭಾನುವಾರ ಹೇಳುವ ಸಭೆ, ಅಲ್ಲಿಯವರೆಗೆ ಅವರನ್ನು ಗೋಡೆಯ ಆಚೆಗೊಬ್ಬರು ಈಚೆಗೊಬ್ಬರಂತೆ ಮಲಗಿಸುವುದನ್ನು ಹೇಗೆ ಸಮರ್ಥಿಸಿಕೊಂಡೀತು?